ದುರ್ಬೀನಿಗೆ ವಿಭೂತಿ

ನಮ್ಮ ಮನೆಯಲ್ಲಿ ಮಾಂಸ ತಿನ್ನುತ್ತಿರಲಿಲ್ಲ, ಬರೀ ಕೊಲ್ಲುತ್ತಿದ್ದೆವು. ಹೀಗೆ ಹೇಳಿದರೆ ನನ್ನ ಸೊಸೆಯಂದಿರು ನಗುತ್ತಾರೆ. ಆದರೆ ಇದ್ದದ್ದು ಹಾಗೆಯೇ. ಕಾಲುವೆಯಲ್ಲಿ ನವಿಲುತೀರ್ಥದ ಅಣೆಕಟ್ಟಿನ ನೀರು ಹರಿದು ಬಂತು, ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಕಾಡುಹಂದಿ ಬಂದವು. ಬೆಳೆ ಕಾಯಲೆಂದು ಅಪ್ಪ ಲೈಸೆನ್ಸು ಮಾಡಿಸಿ ಒಂದು ರೈಫಲ್ ತಂದಿದ್ದ. ಹೊಡೆದ ಹಂದಿ ಹೊಲದ ಬದುವಿನ ಮೇಲೆಯೇ ಬಿದ್ದಿರುತ್ತಿತ್ತು, ಬೇಕಾದವರು ಹೊತ್ತುಕೊಂಡು ಹೋಗುತ್ತಿದ್ದರು. ಅಪ್ಪ ಹಿತ್ತಲ ಬಾಗಿಲಿನಿಂದ ಒಳಗೆ ಬಂದು, ತಲೆಯ ಮೇಲೆ ನೀರು ಸುರಿದುಕೊಂಡು, ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂರುತ್ತಿದ್ದ. ರೈಫಲ್ಲಿಗೆ ಮಾತ್ರ ಮೈಲಿಗೆ ಇರಲಿಲ್ಲ. ಅದು ತಲೆಬಾಗಿಲಿನಿಂದಲೇ ಬಂದು ಪಡಸಾಲೆಯ ಗಾದಿಯ ಮೇಲ್ಗಡೆ, ಗೋಡೆಗೆ ಬಡಿದ ಎರಡು ಸಾಗವಾನಿ ಗೂಟಗಳ ಮೇಲೆ ಮಲಗುತ್ತಿತ್ತು. ಅದರ ಕೆಳಗೆ ಕೂರುವ ಹಕ್ಕು ಅಪ್ಪನಿಗೆ ಇತ್ತು, ಅಪ್ಪನ ಪಕ್ಕದಲ್ಲಿ ಕೂರುವ ಹಕ್ಕು ನನಗೆ ಇತ್ತು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನಾದ ಅಣ್ಣ ಬಸು ಕಂಬದ ಆಚೆ, ಮೆಟ್ಟು ಬಿಡುವ ಜಾಗದ ಹತ್ತಿರ ಕೂರುತ್ತಿದ್ದ. ಯಾಕೆಂದರೆ ಅವನ ಕಣ್ಣಿಗೆ ಸೋಡಾ ಬಾಟಲಿಯ ತಳದಷ್ಟು ದಪ್ಪ ಗಾಜಿನ ಚಸ್ಮಾ ಇತ್ತು.

ಏಳು ಹಳ್ಳಿಯಲ್ಲಿ ಗುರಿಕಾರನೆಂದು ಹೆಸರಾದವನ ಹೊಟ್ಟೆಯಲ್ಲಿ ಚಸ್ಮಾದ ಮಗ ಹುಟ್ಟಿದ್ದನ್ನು ಅಪ್ಪ ಕೊನೆಯವರೆಗೂ ಕ್ಷಮಿಸಲಿಲ್ಲ. ಬೈದು ಹೊಡೆದು ಸಿಟ್ಟು ತೀರಿಸಿಕೊಳ್ಳುವವರ ಪೈಕಿಯೂ ಅವನಲ್ಲ. ಅವನ ಪದ್ಧತಿ ಬೇರೆ. ಊಟಕ್ಕೆ ಕೂತಾಗ ಅಣ್ಣ ಚಸ್ಮಾ ತೆಗೆದು ಅಪ್ಪನ ಮಣೆಯ ಪಕ್ಕದಲ್ಲಿ ಇಡಬೇಕಿತ್ತು. ಅನ್ನದ ಮುಂದೆ ಗಾಜು ಬೇಡ ಎಂಬುದು ಅಪ್ಪನ ಕಟ್ಟಳೆ. ಆಮೇಲೆ ದಿನವೂ ಅದೇ ಪ್ರಶ್ನೆ.

"ಬಸ್ಯಾ, ಎಡಕ್ಕ ಏನೈತಿ, ಬಲಕ್ಕ ಏನೈತಿ? ಹೇಳಿ ಉಣ್ಣು."

ಅವ್ವ ಜಾಣೆ. ಅವಳು ಅಣ್ಣನ ತಾಟಿನಲ್ಲಿ ಯಾವ ದಿನವೂ ಜಾಗ ಬದಲಿಸುತ್ತಿರಲಿಲ್ಲ. ಎಡಕ್ಕೆ ಪಲ್ಯ, ಬಲಕ್ಕೆ ಶೇಂಗಾ ಚಟ್ನಿ, ನಡುವೆ ರೊಟ್ಟಿ. ಅಣ್ಣ ಕಂಠಪಾಠ ಮಾಡಿದವನ ಹಾಗೆ ಒಪ್ಪಿಸಿ ಉಣ್ಣುತ್ತಿದ್ದ. ಇದು ಅಪ್ಪನಿಗೆ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಒಂದು ಮಧ್ಯಾಹ್ನ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನನಗೆ ಹತ್ತು ವರ್ಷ. ಆ ಹುಬ್ಬಿನ ಅರ್ಥ ನನಗೆ ಒಂದೇ ಸಲಕ್ಕೆ ತಿಳಿಯಿತು ಎಂಬುದೇ ನನ್ನ ಬಗ್ಗೆ ಸಾಕಷ್ಟು ಹೇಳುತ್ತದೆ. ಅವ್ವ ಮಜ್ಜಿಗೆ ತರಲು ಒಳಗೆ ಹೋದಾಗ ಅಣ್ಣನ ತಾಟಿನ ಪಲ್ಯ ತೆಗೆದು, ಆ ಜಾಗದಲ್ಲಿ ಕೆಂಪು ಮೆಣಸಿನಕಾಯಿಯ ರಂಜಕ ಇಟ್ಟೆ. ಅಣ್ಣ ಎಡಕ್ಕೆ ಪಲ್ಯ ಐತ್ರಿ ಎಂದು ಹೇಳಿ ದೊಡ್ಡ ತುತ್ತು ಬಾಯಿಗಿಟ್ಟ. ಅಪ್ಪ ನಕ್ಕ ನಗೆಗೆ ಜಂತಿಯ ಮೇಲಿನ ಗುಬ್ಬಿ ಹಾರಿದವು. ನಾನೂ ನಕ್ಕೆ. ಒತ್ತಾಯಕ್ಕೆ ನಕ್ಕಿದ್ದಲ್ಲ, ಮನಸಾರೆ ನಕ್ಕೆ. ಅವ್ವ ಬಾಗಿಲಲ್ಲಿ ಮಜ್ಜಿಗೆಯ ತಂಬಿಗೆ ಹಿಡಿದು ನಿಂತು ನನ್ನನ್ನೇ ನೋಡಿದಳು, ಅಪ್ಪನನ್ನು ನೋಡಲಿಲ್ಲ.

ಆ ವರ್ಷವೇ ಅಪ್ಪನ ಗುರಿ ತಪ್ಪತೊಡಗಿತು. ಎರಡು ಸಲ ಹಂದಿ ತಪ್ಪಿಸಿಕೊಂಡವು. ಮೂರನೆಯ ಸಲ ಗುಂಡು ಪಕ್ಕದ ಹೊಲದವರ ಪಂಪ್‌ಸೆಟ್ಟಿನ ಪೈಪಿಗೆ ಬಿತ್ತು. ಲಿಂಗಪೂಜೆಯಲ್ಲಿ ಎದೆಯ ಮಟ್ಟದಲ್ಲಿ ಹಿಡಿಯುತ್ತಿದ್ದ ಅಂಗೈಯನ್ನು ಅಪ್ಪ ಈಗ ತೋಳು ಚಾಚಿ ದೂರ ಹಿಡಿಯುತ್ತಿದ್ದ. ಅವ್ವನಿಗೆ ಇದು ಕಂಡಿತ್ತು. ನಲವತ್ತು ದಾಟಿದವರಿಗೆಲ್ಲ ಬರುವ ಚಾಳೀಸು ಅದು. ಸವದತ್ತಿಯ ಸಂತೆಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ಚಸ್ಮಾ ಹಾಕಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಒಮ್ಮೆ ಅವ್ವ ಮೆಲ್ಲಗೆ ಬಾಯಿ ಬಿಟ್ಟಳು.

"ಒಂದ್ ಸಲ ಕಣ್ಣ ತೋರಸ್ಕೊಂಡ ಬರ್ರಿ. ಚಾಳೀಸ ಬಂದಿರಬೇಕು."

"ಈ ಮನ್ಯಾಗ ಒಬ್ಬ ಕುರುಡ ಇದ್ದದ್ದ ಸಾಕು," ಎಂದ ಅಪ್ಪ.

ಚಸ್ಮಾ ಹಾಕದೆ ಕಣ್ಣು ತರುವ ಉಪಾಯವನ್ನು ಅವನು ಬೇರೆ ಹುಡುಕಿದ. ಬೆಳಗಾವಿಯಲ್ಲಿ ಬಂದೂಕಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ, ಮಿಲಿಟರಿಯಿಂದ ನಿವೃತ್ತರಾದ ಒಬ್ಬ ಸುಭೇದಾರರಿಗೆ ಹೇಳಿ ಕಳಿಸಿದ. ಅವರು ಒಂದು ಭಾನುವಾರ ಚರ್ಮದ ಚೀಲದಲ್ಲಿ ಮೂರು ದುರ್ಬೀನು ಹೊತ್ತುಕೊಂಡು ಬಂದರು. ರೈಫಲ್ಲಿನ ಮೇಲೆ ಕೂರಿಸುವ ಸ್ಕೋಪಿಗೆ ನಮ್ಮಲ್ಲಿ ಎಲ್ಲರೂ ದುರ್ಬೀನು ಎನ್ನುತ್ತಿದ್ದರು. ಗಾದಿಯ ಮೇಲೆ ಬಿಳಿ ಪಂಚೆ ಹಾಸಿ ಮೂರನ್ನೂ ಸಾಲಾಗಿ ಇಟ್ಟರು. ಮೊದಲನೆಯದು ಸಣ್ಣದು, ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುವುದು. ಎರಡನೆಯದರ ನಡುವಿನ ಬಳೆ ತಿರುಗಿಸಿದರೆ ಮೂರು ಪಟ್ಟಿನಿಂದ ಒಂಬತ್ತರವರೆಗೆ ಹೋಗುವುದು. ಮೂರನೆಯದು ಹನ್ನೆರಡು ಪಟ್ಟಿನದು, ಮುಂದಿನ ಬಾಯಿ ನೀರು ಕುಡಿಯುವ ಲೋಟದಷ್ಟು ಅಗಲ. ಮೂರರ ಗಾಜಿನ ಮೇಲೂ ತೆಳುವಾದ ನೀಲಿ ಹೊಳಪು ಇತ್ತು. ನಾನು ಬೆರಳು ಚಾಚಿದಾಗ ಸುಭೇದಾರರು ಮೆಲ್ಲಗೆ ಕೈ ಹಿಡಿದರು.

"ಅದನ್ನ ಮುಟ್ಟಬಾರದವಾ. ಆ ನೀಲಿ ಬಣ್ಣ ಹೋತಂದ್ರ ದುರ್ಬೀನಿನ ಜೀವ ಹೋದಂಗ. ಧೂಳ ಬಿದ್ರ ಊದಬೇಕು, ಮೆತ್ತನ ಅರಿವಿಲೆ ಒರಸಬೇಕು, ಅಷ್ಟ."

ಆ ಮಾತು ನನ್ನ ಕಿವಿಗೆ ಬಿತ್ತು. ಬಿದ್ದಿಲ್ಲ ಎಂದು ಹೇಳುವ ಅನುಕೂಲ ನನಗಿಲ್ಲ.

ಸುಭೇದಾರರು ಒಳ್ಳೆಯ ವ್ಯಾಪಾರಿಯಲ್ಲ, ಯಾಕೆಂದರೆ ಅಗ್ಗದ್ದನ್ನೇ ಕೊಳ್ಳಿರೆಂದು ಹೇಳುತ್ತಿದ್ದರು. ವಯಸ್ಸಾದ ಕಣ್ಣಿಗೆ ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಮಣಿ ಮಸುಕಾಗುವುದು ಸಹಜ, ಅದಕ್ಕೆ ನಾಚಿಕೆಪಡಬೇಕಾದ್ದಿಲ್ಲ, ದುರ್ಬೀನು ಇರುವುದೇ ಅದಕ್ಕೆ ಎಂದರು. ಅಪ್ಪನ ಮುಖ ಗಂಟಿಕ್ಕಿದ್ದು ಅವರಿಗೆ ತಿಳಿಯಲಿಲ್ಲ.

"ಹಿಗ್ಗಿಸಿ ತೋರಸೂದು ಬ್ಯಾರೆ, ಸ್ವಚ್ಛ ತೋರಸೂದು ಬ್ಯಾರೆರಿ ಸಾವಕಾರ್ರ. ಹಂದಿ ಓಡು ಪ್ರಾಣಿ. ಹನ್ನೆರಡು ಪಟ್ಟಿನಾಗ ನೋಡಿದ್ರ ಹಂದಿ ಸಿಗೂದಿಲ್ಲ, ಹಂದಿ ಕೂದಲ ಅಷ್ಟ ಸಿಗತಾವ. ನಿಮಗ ಈ ಸಣ್ಣದ ಸಾಕು. ಮತ್ತ ಕಣ್ಣ ಗಾಜಿಗೆ ಹಚ್ಚಬ್ಯಾಡ್ರಿ, ನಾಕ ಬೆರಳ ದೂರ ಇರಲಿ. ಇಲ್ಲಾಂದ್ರ ಗುಂಡ ಹಾರಿದಾಗ ಅದು ಹಿಂದ ಬಂದು ಹುಬ್ಬ ಸೀಳತೈತಿ."

"ನನಗ ಹುಬ್ಬಿನ ಚಿಂತಿಲ್ರಿ," ಎಂದು ಅಪ್ಪ ಎದ್ದ. "ಪಾರೀ, ನೀ ನೋಡಿ ಹೇಳು. ನಿನ್ನ ಕಣ್ಣ ನನ್ನ ಕಣ್ಣ ಒಂದ."

ತನ್ನ ಕಣ್ಣಿನಿಂದ ಆರಿಸಲು ಅವನಿಗೆ ಭಯವಿತ್ತು ಎಂದು ಈಗ ತಿಳಿಯುತ್ತದೆ. ಆಗ ನನಗೆ ತಿಳಿದದ್ದು ಒಂದೇ, ನಾನು ಗೆದ್ದೆ. ಮಾಳಿಗೆಯ ಮೇಲೆ ಎರಡು ಜೋಳದ ಚೀಲ ಹಾಕಿ ಅದರ ಮೇಲೆ ರೈಫಲ್ ಇಟ್ಟರು. ಗುರಿ ಹೊಲದ ಬಾವಿ. ಬಾವಿಯ ಕಟ್ಟೆಯ ಮೇಲೆ ನಿಲ್ಲಲು ಅಪ್ಪ ಅಣ್ಣನನ್ನು ಕಳಿಸಿದ. ತಲೆಯ ಮೇಲೆ ಪಾಟಿ ಹಿಡಿದು ನಿಲ್ಲಬೇಕು, ಪಾಟಿಯ ಮೇಲಿನ ಅಕ್ಷರ ನಾನು ಓದಬೇಕು. ಹೋಗುವ ಮುಂಚೆ ಅಣ್ಣನ ಚಸ್ಮಾ ಅಪ್ಪನ ಕಿಸೆಗೆ ಹೋಯಿತು. ಸುಭೇದಾರರು ಗಾಬರಿಯಾದರು.

"ಬಂದೂಕಿನ ಮ್ಯಾಲ ಇಟ್ಟು ಮನಷಾರ ಕಡೆ ಹಿಡೀಬಾರದ್ರಿ. ಗಿಡಕ್ಕ ಹಿಡೀರಿ."

"ಗುಂಡ ಹಾಕಿಲ್ಲ ಬಿಡ್ರಿ," ಎಂದ ಅಪ್ಪ. ಆದರೆ ಗುಂಡು ಹಾಕಿಲ್ಲವೆಂದು ಅಷ್ಟು ದೂರ ನಿಂತ ಅಣ್ಣನಿಗೆ ಯಾರೂ ಹೇಳಿರಲಿಲ್ಲ.

ಮೊದಲನೆಯ ದುರ್ಬೀನಿನಲ್ಲಿ ಪಾಟಿ ಕಂಡಿತು, ಅಕ್ಷರ ಕಂಡಿತು. ಎರಡನೆಯದರಲ್ಲಿ ಅಣ್ಣನ ಮುಖ ಕಂಡಿತು, ಅವನು ಕಣ್ಣು ಕಿರಿದು ಮಾಡಿ ನಮ್ಮ ಕಡೆ ಹುಡುಕುತ್ತಿದ್ದ. ಮೂರನೆಯದಕ್ಕೆ ಬಂದಾಗ ಅಪ್ಪನಿಗೆ ಬೇಸರವಾಗಿತ್ತೋ ಏನೋ, ಬಾಯಿಗೆ ಕೈ ಹಿಡಿದು ಬಾವಿಯ ಕಡೆ ಕೂಗಿದ.

"ಬಸ್ಯಾ, ಅಲುಗ್ಯಾಡಬ್ಯಾಡ. ಬಂದೂಕಿನ ಕುದುರಿ ಎಳದೇನಿ."

ಹನ್ನೆರಡು ಪಟ್ಟಿನ ಆ ಗಾಜಿನೊಳಗೆ, ಕಪ್ಪು ಗೆರೆಗಳು ಕೂಡುವ ಜಾಗದಲ್ಲಿ, ಅಣ್ಣನ ತುಟಿ ನಡುಗುವುದು ಕಂಡಿತು. ಮೂಗಿನ ಪಕ್ಕ ನೀರು ಇಳಿಯುವುದು ಕಂಡಿತು. ನಾನು ರೈಫಲ್ಲಿನ ಹಿಂಭಾಗವನ್ನು ಸ್ವಲ್ಪ ಎತ್ತಿ ಕೆಳಗೆ ನೋಡಿದೆ. ಖಾಕಿ ಚಡ್ಡಿಯ ಮುಂದೆ ಒದ್ದೆ ಹರಡುತ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ಅದು ಯಾರ ಬರೀ ಕಣ್ಣಿಗೂ ಕಾಣುವಂತಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ಅವನು ಬಾವಿಗಿಳಿದು, ನೀರಿಗೆ ಬಿದ್ದೆ ಎಂದು ಹೇಳಿ ಮಾನ ಉಳಿಸಿಕೊಳ್ಳುತ್ತಿದ್ದ.

"ಅಪ್ಪಾ, ಇದರಾಗ ಎಲ್ಲಾ ಕಾಣತೈತ್ರಿ. ಅಣ್ಣ ಚಡ್ಡಿಯೊಳಗ ಉಚ್ಚಿ ಹೊಯ್ಕೊಂಡಾನ."

ಅಪ್ಪ ನನ್ನನ್ನು ಸರಿಸಿ ತಾನೇ ನೋಡಿದ. ನೋಡಿ, ಸುಭೇದಾರರ ಬೆನ್ನು ತಟ್ಟಿ, ಇದನ್ನೇ ಇಡ್ರಿ ಎಂದ. ಹೀಗೆ ನಮ್ಮ ಮನೆಗೆ ದುರ್ಬೀನು ಬಂತು. ಸುಭೇದಾರರು ಊಟಕ್ಕೆ ನಿಲ್ಲದೆ ಹೋದರು. ಹೋಳಿಗೆ ಮಾಡಿದ್ದಳು ಅವ್ವ, ಅದನ್ನು ನಾವೇ ತಿಂದೆವು.

ಅಂದಿನಿಂದ ದಸರೆಯವರೆಗಿನ ಎರಡು ತಿಂಗಳು ನನ್ನ ಬಾಲ್ಯದ ಸುಖದ ದಿನಗಳು. ಅಪ್ಪನ ಗುರಿ ಮರಳಿತು. ಓಡುವ ಹಂದಿಗೆ ಅವನು ಗುಂಡು ಹಾರಿಸುತ್ತಲೇ ಇರಲಿಲ್ಲ, ನಿಂತು ಗಡ್ಡೆ ಕೀಳುವುದನ್ನು ಕಾಯುತ್ತಿದ್ದ. ಪಾರಿ ನನ್ನ ಕಣ್ಣು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ನಾನು ಪಾತ್ರೆ ತಿಕ್ಕುವುದು, ಕಸ ಹೊಡೆಯುವುದು ಎಲ್ಲ ತಪ್ಪಿತು. ಬಾವಿಯ ಕಟ್ಟೆಯ ಮೇಲೆ ನಡೆದದ್ದು ಊರ ಸಾಲೆಗೂ ಮುಟ್ಟಿತ್ತು. ಮುಟ್ಟಿಸಿದವಳು ಯಾರೆಂದು ಅಣ್ಣ ಕೇಳಲಿಲ್ಲ. ಅವನು ನನ್ನ ಜೊತೆ ಮಾತು ಬಿಟ್ಟಿದ್ದ.

ನವಮಿಯ ಖಂಡೇಪೂಜೆ ನಮ್ಮಲ್ಲಿ ಹಬ್ಬಕ್ಕಿಂತ ದೊಡ್ಡದು. ಕುಡುಗೋಲು, ಈಳಿಗೆ, ನೇಗಿಲ ಗುಳ, ತಕ್ಕಡಿ, ಟ್ರ್ಯಾಕ್ಟರು, ಮನೆಯ ಯಾವ ಕಬ್ಬಿಣವೂ ಆ ದಿನ ವಿಭೂತಿ ಇಲ್ಲದೆ ಇರುವಂತಿಲ್ಲ. ಆ ವರ್ಷ ರೈಫಲ್ಲಿನ ಪೂಜೆ ನನ್ನ ಪಾಲಿಗೆ ಬಂತು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ನಳಿಗೆಗೆ ಎಳೆದೆ, ಹಿಡಿಕೆಗೆ ಎಳೆದೆ. ದುರ್ಬೀನಿನ ಮುಂದೆ ಬಂದಾಗ ಕೈ ನಿಂತಿತು. ಎಲ್ಲಕ್ಕಿಂತ ಹೆಚ್ಚಿನದು ಅದೇ, ಅದನ್ನು ಬಿಟ್ಟರೆ ದೇವರು ಏನಂದುಕೊಂಡಾನು? ಮುಂದಿನ ಅಗಲದ ಗಾಜಿನ ಮೇಲೆ ಮೂರು ಬೆರಳು ದಪ್ಪಗೆ ಎಳೆದು ನಡುವೆ ಕುಂಕುಮ ಇಟ್ಟೆ. ನೋಡಲು ಹಣೆಯ ಹಾಗೆಯೇ ಇತ್ತು. ಅಪ್ಪ ದೂರದಿಂದ ನೋಡಿ ಮೆಚ್ಚಿ ತಲೆ ಆಡಿಸಿದ.

ಮರುದಿನ ಬನ್ನಿ ಕೊಟ್ಟು ಬಂದು ನೋಡಿದರೆ ವಿಭೂತಿ ಗಾಜಿಗೆ ಗಟ್ಟಿಯಾಗಿ ಕಚ್ಚಿತ್ತು. ಊದಿದೆ, ಹೋಗಲಿಲ್ಲ. ಲಂಗದ ಅಂಚಿನಿಂದ ಒರೆಸಿದೆ, ಕುಂಕುಮ ಹರಡಿ ಗಾಜೆಲ್ಲ ಕೆಂಪಾಯಿತು. ಹೊಳೆಯುವ ಸಾಮಾನು ಮಾಸಿದರೆ ಏನು ಮಾಡಬೇಕೆಂದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ತಂಬಿಗೆ, ದೀಪದ ಸಮೆ, ಗಂಗಾಳ, ಎಲ್ಲವನ್ನೂ ತಿಕ್ಕುವುದು ಒಂದೇ ರೀತಿ. ದುರ್ಬೀನನ್ನು ಸೆರಗಿನಲ್ಲಿ ಮುಚ್ಚಿದ ಕೂಸಿನಂತೆ ರೈಫಲ್ ಸಮೇತ ಬಚ್ಚಲಿಗೆ ಒಯ್ದು, ಒಲೆಯ ಬೂದಿ ಮತ್ತು ಹುಣಸೆಹಣ್ಣು ಹಚ್ಚಿ, ಗುಂಡಗೆ ಕೈ ತಿರುಗಿಸಿ ಚೆನ್ನಾಗಿ ತಿಕ್ಕಿದೆ. ತೊಳೆದಾಗ ನೀಲಿ ಹೊಳಪು ಇರಲಿಲ್ಲ. ಗಾಜು ಮಂಜು ಕೂತ ಹಾಗೆ ಬೆಳ್ಳಗಾಗಿತ್ತು. ಬಟ್ಟೆಯಿಂದ ಒರೆಸಿ ಗೂಟದ ಮೇಲೆ ಇಟ್ಟು, ದೇವರ ಕೋಣೆಗೆ ಹೋಗಿ ಕೂತೆ.

ಮೂರು ದಿನದ ಮೇಲೆ ಸಂಜೆ ಕಬ್ಬಿಗೆ ಹಂದಿ ಬಿದ್ದಿವೆ ಎಂದು ಆಳು ಓಡಿ ಬಂದ. ಅಪ್ಪ ರೈಫಲ್ ಹೆಗಲಿಗೇರಿಸಿ ನನ್ನನ್ನು ಕರೆದ. ಲಾಟೀನು ಹಿಡಿಯಲು ಅಣ್ಣನನ್ನೂ ಕರೆದ. ಹೊತ್ತು ಇನ್ನೂ ಮುಳುಗಿರಲಿಲ್ಲ. ಕಬ್ಬಿನ ಅಂಚಿನಲ್ಲಿ ದೊಡ್ಡ ಹಂದಿಯೊಂದು ನಮಗೆ ಬೆನ್ನು ಮಾಡಿ ನಿಂತಿತ್ತು, ನಾನು ಬರೀ ಕಣ್ಣಿನಿಂದ ನೋಡಿದೆ. ಅಪ್ಪ ಬದುವಿನ ಮೇಲೆ ಮೊಣಕೈ ಊರಿ ದುರ್ಬೀನಿಗೆ ಕಣ್ಣು ಕೊಟ್ಟ. ತಲೆ ಎತ್ತಿದ. ಕಣ್ಣು ಒರೆಸಿಕೊಂಡ. ಗಾಜನ್ನು ಒರೆಸಲಿಲ್ಲ, ತನ್ನ ಕಣ್ಣನ್ನೇ ಒರೆಸಿಕೊಂಡ. ಮತ್ತೆ ನೋಡಿದ, ಮತ್ತೆ ಒರೆಸಿಕೊಂಡ. ಅವನ ಕುತ್ತಿಗೆಯ ಮೇಲೆ ಬೆವರು ಮೂಡಿತು.

"ಪಾರೀ, ಇಲ್ಲಿ ಬಾ. ಏನ ಕಾಣತೈತಿ ಹೇಳು."

ನಾನು ನೋಡಿದೆ. ಬೆಳ್ಳನೆಯ ಮಬ್ಬು, ಅದರೊಳಗೆ ಹಾಲಿನಲ್ಲಿ ಒಡೆದ ಮೊಟ್ಟೆಯ ಹಾಗೆ ಹರಡಿದ ಸೂರ್ಯ. ಹಂದಿಯೂ ಇಲ್ಲ, ಕಬ್ಬೂ ಇಲ್ಲ. ಖರೇ ಹೇಳಿದರೆ ಗೂಟದ ಕೆಳಗಿನ ನನ್ನ ಜಾಗ ಹೋಗುತ್ತದೆ, ಬಾವಿಯ ಕಟ್ಟೆಯ ಮೇಲೆ ನಾಳೆ ನಾನು ನಿಲ್ಲಬೇಕಾಗುತ್ತದೆ.

"ಎಲ್ಲಾ ಸ್ವಚ್ಛ ಕಾಣತೈತ್ರಿ ಅಪ್ಪಾ. ಹಂದಿ ಬಾಲ ಅಲ್ಲಾಡಸಾಕ ಹತ್ತೈತಿ."

ಅಪ್ಪ ಬಹಳ ಹೊತ್ತು ನನ್ನ ಮುಖ ನೋಡಿದ. ಆಮೇಲೆ, ಅವನ ಜೀವಮಾನದಲ್ಲೇ ಮೊದಲ ಸಲ, ಅಣ್ಣನನ್ನು ಹೆಸರು ಹಿಡಿದು ನೆಟ್ಟಗೆ ಕರೆದ.

"ಬಸೂ. ನೀನೂ ಒಂದ್ ಸಲ ನೋಡಪಾ."

ಅಣ್ಣ ಲಾಟೀನು ಕೆಳಗಿಟ್ಟು ಬಂದ. ಚಸ್ಮಾ ತೆಗೆದು ಕಿಸೆಯಲ್ಲಿಟ್ಟುಕೊಂಡ. ಗಾಜಿನ ವಿಷಯ ಅವನಿಗಿಂತ ಚೆನ್ನಾಗಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಣೆಯ ವಿಭೂತಿ ಉದುರಿ ಚಸ್ಮಾದ ಮೇಲೆ ಬಿದ್ದರೆ ಒಣ ಬಟ್ಟೆ ಮುಟ್ಟಿಸದೆ ನೀರಲ್ಲಿ ಅದ್ದಿ ತೆಗೆಯುವವನು ಅವನು. ದುರ್ಬೀನಿಗೆ ಕಣ್ಣು ಕೊಡುವ ಮುಂಚೆ ಅದರ ಮುಂದಿನ ಬಾಯಿಯ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದ. ಕಣ್ಣು ಕೊಟ್ಟ. ತಲೆ ತಿರುಗಿಸಿ ನನ್ನನ್ನು ನೋಡಿದ. ಎರಡು ತಿಂಗಳ ಮೇಲೆ ಅವನು ನನ್ನನ್ನು ನೋಡಿದ್ದು ಆಗಲೇ.

"ನನಗೂ ಕಾಣತೈತ್ರಿ ಅಪ್ಪಾ," ಎಂದ ಅಣ್ಣ. "ಹಂದಿ ಕಿವಿ ಹರದೈತಿ. ಕಿವಿಯಾಗಿನ ಕೂದಲ ಸೈತ ಕಾಣತಾವ. ನಿಮಗ ಕಾಣವಲ್ಲವೇನ್ರಿ?"

ಅಪ್ಪ ಗುಂಡು ತೆಗೆದು ಒಂದೊಂದಾಗಿ ಅಂಗಿಯ ಕಿಸೆಗೆ ಹಾಕಿಕೊಂಡ, ಅದರಲ್ಲಿ ಒಂದು ಕೈ ಜಾರಿ ಬಿತ್ತು, ಹುಡುಕಲಿಲ್ಲ. ರೈಫಲ್ಲನ್ನು ಅಣ್ಣನ ಕೈಗೆ ಕೊಟ್ಟು ಮುಂದೆ ನಡೆದ. ಹಂದಿ ತನ್ನ ಪಾಡಿಗೆ ಕಬ್ಬು ಮುರಿಯುತ್ತಲೇ ಇತ್ತು. ಮನೆಯವರೆಗೆ ಅಪ್ಪ ಕೋಲು ಹಿಡಿದವನ ಹಾಗೆ ಹೆಜ್ಜೆ ಹೆಜ್ಜೆಗೂ ನೆಲ ನೋಡುತ್ತ ನಡೆದ. ಆ ದಾರಿ ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಕಾಣುತ್ತಿದೆಯೆಂದು ಅವನು ಇನ್ನು ನಂಬುವಂತಿರಲಿಲ್ಲ.

ಮರುದಿನ ಊಟಕ್ಕೆ ಅಣ್ಣ ಚಸ್ಮಾ ತೆಗೆಯಲಿಲ್ಲ. ಯಾರೂ ಕೇಳಲೂ ಇಲ್ಲ. ಕಂಬದ ಆಚೆಯಿಂದ ಎದ್ದು ಬಂದು ಅಪ್ಪನ ಎದುರಿಗೆ ಕೂತ.

"ಅಪ್ಪಾ, ಎಡಕ್ಕ ಪಲ್ಯ ಐತ್ರಿ. ಬಲಕ್ಕ ಚಟ್ನಿ. ನೋಡಿ ಉಣ್ರಿ."

ದನಿಯಲ್ಲಿ ಬಹಳ ಮರ್ಯಾದೆ ಇತ್ತು. ಅಪ್ಪನ ಬೆರಳು ತಾಟಿನ ಅಂಚಿನಲ್ಲಿ ಪಲ್ಯ ತಡವಿತು. ಮಾಡಿದ್ದುಣ್ಣೋ ಮಹಾರಾಯ ಎಂದು ದೊಡ್ಡವರು ಸುಮ್ಮನೆ ಹೇಳಿದ್ದಲ್ಲ, ಆದರೆ ಅದನ್ನು ಬಡಿಸುವವರ ಕೈ ಹೇಗಿರುತ್ತದೆಂದು ಅವರು ಹೇಳಿಲ್ಲ. ಅಣ್ಣ ಆ ಮಾತನ್ನು ದಿನವೂ ಹೇಳಿದ. ವರ್ಷಗಟ್ಟಲೆ ಹೇಳಿದ. ಅವನ ಮದುವೆಯ ಊಟದಲ್ಲಿ ನೂರು ಜನರ ಎದುರಿಗೂ ಹೇಳಿದ. ಎಷ್ಟು ಕಾಳಜಿಯ ಮಗ ಎಂದು ಬೀಗರು ಮೆಚ್ಚಿಕೊಂಡರು.

ಅವ್ವನಿಗೆ ಗೊತ್ತಾಗಿತ್ತು. ಅದೇ ವಾರ ಗೂಟದ ಧೂಳು ಒರೆಸುವಾಗ ದುರ್ಬೀನಿನ ಬಾಯಿಯ ಸಂದಿನಲ್ಲಿ ಒಣಗಿದ ಹುಣಸೆಯ ನಾರು ಅವಳಿಗೆ ಸಿಕ್ಕಿತು. ಅಡುಗೆಮನೆಗೆ ಬಂದು ಅದನ್ನು ನನ್ನ ಅಂಗೈಯಲ್ಲಿ ಇಟ್ಟಳು. ನಾನು ಅಳತೊಡಗಿದೆ, ಅಪ್ಪನಿಗೆ ಹೇಳುತ್ತೇನೆ ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಯಾಕ ಹೇಳ್ತಿ? ಈ ಮನ್ಯಾಗ ಈಗ ಉಣ್ಣೂಮುಂದ ನನ್ನ ಮಗಾ ಅಳೂದಿಲ್ಲ. ಬಾಯಿ ಮುಚ್ಚಕೊಂಡ ಕುಂಡ್ರು."

ಹೀಗೆ ನಾವು ಮೂವರೂ ಸೇರಿ ಒಬ್ಬನ ಕಣ್ಣು ತೆಗೆದೆವು. ಅಪ್ಪ ಹೊಲಕ್ಕೆ ಹೋಗುವುದು ಬಿಟ್ಟ, ಸಂತೆಗೆ ಹೋಗುವುದು ಬಿಟ್ಟ. ಗಾದಿಯ ಮೇಲೆ ಕೂತು ಬೀದಿಯಲ್ಲಿ ಹೋಗುವವರು ಯಾರೆಂದು ನನ್ನನ್ನು ಕೇಳುತ್ತಿದ್ದ. ಅವನಿಗೆ ಕಾಣುತ್ತಿತ್ತು, ಆದರೂ ಕೇಳುತ್ತಿದ್ದ. ನಾನು ಒಮ್ಮೊಮ್ಮೆ ಬೇಕೆಂದೇ ತಪ್ಪು ಹೆಸರು ಹೇಳುತ್ತಿದ್ದೆ. ಅವನು ಒಮ್ಮೆಯೂ ಇಲ್ಲ ಎನ್ನಲಿಲ್ಲ. ಒಬ್ಬ ಮನುಷ್ಯ ನಮ್ಮ ಮಾತಿಗಾಗಿ ತನ್ನ ಕಣ್ಣನ್ನೇ ಬಿಟ್ಟುಕೊಡುವ ರುಚಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ನನ್ನ ಗಂಡನ ಮನೆಯಲ್ಲಿ ನನ್ನನ್ನು ಗಟ್ಟಿ ಹೆಂಗಸು ಎನ್ನುತ್ತಾರೆ. ಆ ಗಟ್ಟಿತನ ಎಲ್ಲಿ ತಯಾರಾಯಿತೆಂದು ನಾನು ಯಾರಿಗೂ ಹೇಳಿಲ್ಲ.

ಅವ್ವ ತೀರಿದ ಮೇಲೆ ಒಂದು ಸಲ ತವರಿಗೆ ಹೋದಾಗ ಸವದತ್ತಿಯಲ್ಲಿ ಕಣ್ಣಿನ ಶಿಬಿರ ಇತ್ತು. ಅಣ್ಣನ ಹೆಂಡತಿಗೆ ನಮ್ಮ ಹಳೆಯ ಕಥೆ ಗೊತ್ತಿಲ್ಲ, ಅವಳು ಹಟ ಹಿಡಿದು ಮಾವನನ್ನು ನನ್ನ ಜೊತೆ ಕಳಿಸಿದಳು. ಡಾಕ್ಟರಮ್ಮ ಇನ್ನೂ ಎಳೆಯ ಹುಡುಗಿ. ಗೋಡೆಯ ಮೇಲಿನ ಅಕ್ಷರ ತೋರಿಸಿ ಓದಿರೆಂದಳು. ಅಪ್ಪ ನನಗೆ ಕಾಣುವುದಿಲ್ಲ ಎಂದ. ಅವಳು ಗದರಿಸಿದಾಗ ಕೊನೆಯ ಸಾಲಿನವರೆಗೆ ಓದಿದ.

"ದೂರದ ಕಣ್ಣ ಭಾಳ ಚಲೋ ಅದಾವಲ್ರಿ ಅಜ್ಜಾರ. ಹತ್ತರದ್ದಕ್ಕ ಚಾಳೀಸಿನ ಚಸ್ಮಾ ಯಾವಾಗೋ ಹಾಕೊಬೇಕಿತ್ತು. ಇಷ್ಟ ದಿನ ಯಾಕ ಬಿಟ್ರಿ?"

ಅಪ್ಪ ಬಸ್ಸಿನಲ್ಲಿ ಹೊಸ ಚಸ್ಮಾದ ಡಬ್ಬಿ ತೊಡೆಯ ಮೇಲೆ ಹಿಡಿದುಕೊಂಡು ಕಿಟಕಿಯ ಹೊರಗೆ ಒಂದೊಂದೇ ಗಿಡ ನೋಡುತ್ತ ಬಂದ. ಮನೆಗೆ ಬಂದವನೇ ಗೂಟದಿಂದ ರೈಫಲ್ ಇಳಿಸು ಎಂದ. ಇಳಿಸಿ ಮಡಿಲಿಗೆ ಕೊಟ್ಟೆ. ಅಣ್ಣ ಹೊಲದಿಂದ ಬಂದವನು ಹೊಸ್ತಿಲಲ್ಲಿ ನಿಂತ.

ಅಪ್ಪ ಚಸ್ಮಾ ಹಾಕಿಕೊಂಡ. ದುರ್ಬೀನಿನೊಳಗೆ ನೋಡಲಿಲ್ಲ. ಅದನ್ನು ತಿರುಗಿಸಿ, ಮುಖದ ಹತ್ತಿರ ತಂದು, ಮುಂದಿನ ಗಾಜನ್ನೇ ನೋಡಿದ. ಹತ್ತಿರದ್ದನ್ನು ತೋರಿಸುವ ಚಸ್ಮಾ ಅದು, ಚೆನ್ನಾಗಿ ತೋರಿಸಿತು. ಗಾಜಿನ ತುಂಬ ಗುಂಡಗಿನ ಗೀರು, ತಿಕ್ಕಿದ ತಂಬಿಗೆಯ ತಳದಲ್ಲಿ ಇರುವಂಥವು. ಅವನ ಬೆರಳು ಆ ಗೀರುಗಳ ಮೇಲೆ ಮೆಲ್ಲಗೆ ಒಂದು ಸುತ್ತು ಹಾಕಿತು. ಆಮೇಲೆ ದುರ್ಬೀನಿನ ಹಿಂಬದಿಯನ್ನು ನನ್ನ ಕಡೆ ತಿರುಗಿಸಿದ.

"ಪಾರೀ, ಏನ ಕಾಣತೈತಿ ಹೇಳು."

ನನಗೆ ಆಗ ನಲವತ್ತು ದಾಟಿತ್ತು. ನನ್ನ ಮಕ್ಕಳು ಕಾಲೇಜಿನಲ್ಲಿದ್ದರು. ಯಾರಿಗೂ ಹೆದರಬೇಕಾದ್ದಿರಲಿಲ್ಲ. ಬಾಗಿ ನೋಡಿದೆ, ಅದೇ ಬೆಳ್ಳನೆಯ ಮಬ್ಬು. ಬಾಯಿ ತೆರೆದೆ, ತನ್ನಷ್ಟಕ್ಕೆ ಮಾತು ಬಂತು.

"ಎಲ್ಲಾ ಸ್ವಚ್ಛ ಕಾಣತೈತ್ರಿ ಅಪ್ಪಾ."

ಹೊಸ್ತಿಲಲ್ಲಿ ಅಣ್ಣ ತನ್ನ ಚಸ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಅಪ್ಪ ತಲೆ ಆಡಿಸಿದ. ಖಂಡೇಪೂಜೆಯ ದಿನ ದೂರದಿಂದ ನೋಡಿ ಮೆಚ್ಚಿ ಆಡಿಸಿದ್ದನಲ್ಲ, ಹಾಗೆಯೇ. ಹೊಸ ಚಸ್ಮಾ ಕಣ್ಣಿನಿಂದ ತೆಗೆದು, ಕಡ್ಡಿ ಮಡಚಿ, ನನ್ನ ಅಂಗೈಯಲ್ಲಿ ಇಟ್ಟ.

"ಹಂಗಾರ ಇದನ್ನೂ ತಿಕ್ಕಿಡವಾ. ಬೂದಿ, ಹುಣಸಿಹಣ್ಣ ಹಚ್ಚಿ ಚಲೋತ್ನಾಗ ತಿಕ್ಕು."

ನಾನು ಎದ್ದು ಬಚ್ಚಲಿಗೆ ಹೋದೆ. ಈಗ ಒಲೆ ಇಲ್ಲ, ಗ್ಯಾಸು. ದೇವರ ಕೋಣೆಯಿಂದ ವಿಭೂತಿ ಗಟ್ಟಿ ತಂದು, ಕುಟ್ಟಿ ಪುಡಿ ಮಾಡಿ, ತಿಕ್ಕಿದೆ.